ಚೀಲ ಕಟ್ಟಿದ ಹೊತ್ತು

ಭುವನೇಶ್ವರದಿಂದ ಹೈದರಾಬಾದಿಗೆ ವಿಮಾನದ ಹಾದಿ ಸುಮಾರು ಎಂಟುನೂರಾ ಐವತ್ತು ಕಿಲೋಮೀಟರು, ಹಾರುವ ಹೊತ್ತು ಒಂದು ತಾಸು ನಲವತ್ತು ನಿಮಿಷ. ಬಸವ ಇದನ್ನು ಫೋನಿನಲ್ಲಿ ನೋಡಿ ಗಟ್ಟಿಯಾಗಿ ಓದಿದಾಗ, ದೋರನಹಳ್ಳಿಯ ಮೀನುಗಾರರ ಸಂಘದ ಸಭೆಯಲ್ಲಿ ಕೂತಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಾವು ಸುರಪುರದ ಸಂತೆಗೆ ಹೋಗಿ ಬರುವಷ್ಟರಲ್ಲಿ ಒಡಿಶಾದ ಮೀನುಮರಿ ನಮ್ಮ ಕೊಳದಲ್ಲಿ ಈಜುತ್ತಿರುತ್ತವೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು.

ಸಂಘದ ಕಾರ್ಯದರ್ಶಿ ದುರ್ಗಾದೇವಿ ನಗಲಿಲ್ಲ. ಮೂವತ್ತಾರರ ಹೆಣ್ಣುಮಗಳು, ಮಾತು ಕಡಿಮೆ. ಆಡಿದರೆ ಮಾತ್ರ ಎದುರಿನವರು ಕಿವಿಗೊಡುವಂತೆ ಆಡುತ್ತಿದ್ದಳು.

"ಅದು ವಿಮಾನದ ಹೊತ್ತು, ಬಸವಣ್ಣ," ಅಂದಳು. "ಮರಿ ಚೀಲದಾಗ ಎಷ್ಟು ತಾಸು ಇರ್ತಾವ, ಅದನ್ನ ಕೇಳೋಣ."

ಬಸವ ಫೋನನ್ನು ಕಿಸೆಗೆ ಹಾಕಿಕೊಂಡ.

ಮೂರು ವರ್ಷದಿಂದ ಅವರ ಕೆರೆಯ ಮೀನು ಸರಿಯಾಗಿ ಬೆಳೆಯುತ್ತಿರಲಿಲ್ಲ. ಲಾರಿಯಲ್ಲಿ ಬರುತ್ತಿದ್ದ ಮರಿಗಳಲ್ಲಿ ಯಾವ ಜಾತಿ ಎಷ್ಟಿದೆ ಎಂಬುದು ತಂದವರಿಗೇ ಗೊತ್ತಿರುತ್ತಿರಲಿಲ್ಲ. ಭೀಮರಾಯನಗುಡಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿದ್ದ ದುರ್ಗಾದೇವಿ ಅಲ್ಲಿ ಒಡಿಶಾದ ಸುಧಾರಿತ ರೋಹು ತಳಿಯ ಬಗ್ಗೆ ಕೇಳಿಕೊಂಡು ಬಂದಿದ್ದಳು. ಅದೇ ನೀರು, ಅದೇ ಮೇವಿನಲ್ಲಿ ಆ ಮೀನು ಬೇಗ ಮೈತುಂಬುತ್ತದೆ. ಆದರೆ ಅದು ಸಿಗುವುದು ಭುವನೇಶ್ವರದ ಹತ್ತಿರದ ಮರಿ ಸಾಕುವವರ ಬಳಿ. ಮೊಟ್ಟೆಯೊಡೆದು ಮೂರೇ ದಿನ ಆದ, ಎಳ್ಳಿನಷ್ಟು ಸಣ್ಣ ಮರಿಗಳನ್ನು ನೀರು ಮತ್ತು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಂದೊಂದು ಚೀಲವನ್ನೂ ಒಂದೊಂದು ಡಬ್ಬಿಯಲ್ಲಿಟ್ಟು ವಿಮಾನದ ಸರಕಿನಲ್ಲಿ ಕಳಿಸುತ್ತಾರೆ. ಒಳಗಿನ ಗಾಳಿ ತೀರುವುದರೊಳಗೆ ಅವು ಕೊಳ ಸೇರಬೇಕು, ಅಲ್ಲಿ ಸ್ವಲ್ಪ ಬೆಳೆದ ಮೇಲೆ ಕೆರೆ.

ಸಂಘಕ್ಕೆ ಬರುವ ಮೊದಲು ದುರ್ಗಾದೇವಿ ಆರು ವರ್ಷ ಆಶಾ ಕಾರ್ಯಕರ್ತೆಯಾಗಿದ್ದಳು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಳ್ಳಿಹಳ್ಳಿ ತಿರುಗಿದವಳು. ದಾರಿ ಎಷ್ಟು ದೂರ ಎಂದು ಆ ಕೆಲಸದಲ್ಲಿ ಯಾರೂ ಕೇಳುತ್ತಿರಲಿಲ್ಲ. ಡಬ್ಬಿಗೆ ಮಂಜುಗಡ್ಡೆ ಇಟ್ಟು ಎಷ್ಟು ತಾಸಾಯಿತು ಎಂದು ಕೇಳುತ್ತಿದ್ದರು. ಹಾಗಾಗಿ ಅವಳು ಮರಿ ಸಾಕುವ ಯಜಮಾನನಿಗೆ ತಾನೇ ಫೋನು ಮಾಡಿ, ತನಗೆ ಬರುವ ಬಜಾರದ ಹಿಂದಿಯಲ್ಲಿ ಒಂದೊಂದಾಗಿ ಕೇಳಿಕೊಂಡಳು. ರಾತ್ರಿ ಎರಡಕ್ಕೆ ಚೀಲ ಕಟ್ಟಿದರೆ ಆರೂವರೆಯ ನೇರ ವಿಮಾನಕ್ಕೆ ಏರುತ್ತದೆ. ಎಂಟು ಹತ್ತಕ್ಕೆ ಹೈದರಾಬಾದು. ಸರಕು ಹೊರಗೆ ಬರಲು ಹತ್ತು ಗಂಟೆ. ಅಲ್ಲಿಂದ ಕೊಡಂಗಲ್, ಗುರುಮಠಕಲ್, ಯಾದಗಿರಿ ದಾಟಿ ದೋರನಹಳ್ಳಿಗೆ ಐದು ತಾಸು. ಎಲ್ಲ ಸೇರಿ ಹದಿಮೂರು ತಾಸು. ಚೀಲದ ಗಾಳಿ ಇಪ್ಪತ್ತನಾಲ್ಕು ತಾಸು ಬರುತ್ತದೆ ಎಂದು ಯಜಮಾನ ಹೇಳಿದ. ಜುಲೈ ತಿಂಗಳ ಸೆಖೆಯನ್ನು ನೆನೆದು ದುರ್ಗಾದೇವಿ ತನ್ನ ಮನಸ್ಸಿನಲ್ಲಿ ಅದನ್ನು ಹದಿನಾರು ತಾಸಿಗೆ ಇಳಿಸಿಕೊಂಡಳು. ಇಳಿಸಿದ್ದನ್ನು ಸಭೆಗೂ ಹೇಳಿದಳು. ಸಂಘದ ಅಧ್ಯಕ್ಷೆ, ಅರವತ್ತು ದಾಟಿದ ಹನುಮಮ್ಮ, ತಲೆಯಾಡಿಸಿ ಒಪ್ಪಿಗೆ ಕೊಟ್ಟಳು. ಹದಿನಾರು ಚೀಲ, ನಾಲ್ಕು ಲಕ್ಷ ಮರಿ ಎಂದು ತೀರ್ಮಾನವಾಯಿತು.

ಮರಿ ಬರುವ ಹಿಂದಿನ ಸಂಜೆಯೇ ದುರ್ಗಾದೇವಿ, ಅವಳ ಮಾವ ಪರಮಣ್ಣ, ಮುದನಾಳದ ಶರೀಫಸಾಬ ಮೂವರೂ ಹೈದರಾಬಾದಿನ ವಿಮಾನ ನಿಲ್ದಾಣದ ಸರಕಿನ ಗೇಟಿನ ಹತ್ತಿರ ಹೋಗಿ ತಂಗಿದರು. ಪಿಕಪ್ ಗಾಡಿ ಶರೀಫಸಾಬನದು. ಪರಮಣ್ಣನನ್ನು ಯಾರೂ ಕರೆದಿರಲಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯ, ಹೊರಡುವ ಹೊತ್ತಿಗೆ ತಾನೇ ಬಂದು ಗಾಡಿಯಲ್ಲಿ ಕೂತಿದ್ದ. ಪ್ಲಾಸ್ಟಿಕ್ ಚೀಲದಲ್ಲಿ ಮೀನು ಬದುಕುವುದನ್ನು ಕಣ್ಣಾರೆ ನೋಡಿದ ಮೇಲೆಯೇ ನಂಬುತ್ತೇನೆ ಎಂದಿದ್ದ.

ಬೆಳಗಿನ ಐದೂಕಾಲಿಗೆ ಫೋನು ಬಂತು. ಭುವನೇಶ್ವರದಲ್ಲಿ ಸರಕು ಏರಿಸುವ ಏಜೆಂಟನದು. ವಿಮಾನದಲ್ಲಿ ಪ್ರಯಾಣಿಕರ ಸಾಮಾನು ಹೆಚ್ಚಾಗಿದೆ, ನಿಮ್ಮ ಡಬ್ಬಿಗಳಿಗೆ ಜಾಗವಿಲ್ಲ, ಹದಿನಾರೂ ಕೆಳಗೇ ಉಳಿದಿವೆ ಎಂದ. ಆದರೆ ಚಿಂತೆ ಬೇಡ, ಇನ್ನೊಂದು ತಾಸಿನಲ್ಲಿ ಬೆಂಗಳೂರಿನ ವಿಮಾನ ಇದೆ, ಅದರಲ್ಲಿ ಜಾಗ ಖಾಲಿ ಇದೆ, ಅಲ್ಲಿಂದ ಬೇರೆ ವಿಮಾನದಲ್ಲಿ ಹೈದರಾಬಾದಿಗೆ ಬರುತ್ತದೆ, ಹತ್ತು ನಿಮಿಷದಲ್ಲಿ ಹೇಳಿ ಎಂದು ಇಟ್ಟುಬಿಟ್ಟ.

ಅಷ್ಟರಲ್ಲಿ ಊರಿನಿಂದ ಬಸವ ಫೋನು ಮಾಡಿದ. ಕೊಳಕ್ಕೆ ನೀರು ಬಿಟ್ಟು ಕಾಯುತ್ತಿದ್ದ ಅವನಿಗೂ ಏಜೆಂಟ ಸುದ್ದಿ ಮುಟ್ಟಿಸಿದ್ದ. ಬಸವನಿಗೆ ಅನುಮಾನವೇ ಇರಲಿಲ್ಲ. ಬೆಂಗಳೂರಿಗೆ ಎರಡು ತಾಸು, ಅಲ್ಲಿಂದ ಹೈದರಾಬಾದಿಗೆ ಒಂದು ತಾಸು ಹತ್ತು ನಿಮಿಷ, ಕೂಡಿಸಿದರೆ ಮೂರು ತಾಸು ಚಿಲ್ಲರೆ, ಹ್ಞೂಂ ಅಂದುಬಿಡು ಎಂದ.

ದುರ್ಗಾದೇವಿ ಗಾಡಿಯ ಬಾನೆಟ್ಟಿನ ಮೇಲೆ ವಹಿ ಇಟ್ಟು ಬರೆದಳು. ಬೆಂಗಳೂರಿಗೆ ವಿಮಾನ ಮುಟ್ಟುವುದು ಎಂಟೂ ಇಪ್ಪತ್ತಕ್ಕೆ. ಹೈದರಾಬಾದಿನ ವಿಮಾನ ಏಳುವುದು ಎರಡೂಕಾಲಿಗೆ. ನಡುವಿನ ಆರು ತಾಸು ಡಬ್ಬಿಗಳು ಬೆಂಗಳೂರಿನಲ್ಲಿ ಯಾವ ಮೂಲೆಯಲ್ಲಿ ಬಿದ್ದಿರುತ್ತವೋ ಹೇಳುವವರಿಲ್ಲ. ಮೂರೂವರೆಗೆ ಇಲ್ಲಿಗೆ ಬಂದು, ಐದಕ್ಕೆ ಹೊರಬಿದ್ದು, ದೋರನಹಳ್ಳಿ ಮುಟ್ಟುವಾಗ ರಾತ್ರಿ ಹತ್ತು. ಚೀಲ ಕಟ್ಟಿ ಇಪ್ಪತ್ತು ತಾಸು. ಹದಿನಾರಕ್ಕೆ ಇಳಿಸಿಕೊಂಡಿದ್ದ ಲೆಕ್ಕ ದಾಟಿ ನಾಲ್ಕು ತಾಸು ಹೆಚ್ಚು.

ಅವಳು ಏಜೆಂಟನಿಗೆ ಫೋನು ಮಾಡಿ, ಮುಂದಿನ ನೇರ ವಿಮಾನ ಎಷ್ಟಕ್ಕೆ ಎಂದು ಕೇಳಿದಳು. ಹತ್ತೂ ನಲವತ್ತಕ್ಕೆ ಎಂದ. ಮರಿ ಸಾಕುವ ಜಾಗಕ್ಕೂ ನಿಲ್ದಾಣಕ್ಕೂ ಎಷ್ಟು ದಾರಿ ಎಂದಳು. ನಲವತ್ತು ನಿಮಿಷ. ಹಾಗಾದರೆ ಡಬ್ಬಿಗಳನ್ನು ವಾಪಸು ಒಯ್ದು, ಚೀಲ ಬಿಚ್ಚಿ, ಹೊಸ ನೀರು ಹೊಸ ಆಕ್ಸಿಜನ್ ತುಂಬಿ, ಏಳು ಗಂಟೆಗೆ ಮತ್ತೆ ಕಟ್ಟಿಸಿ, ಎಂಟಕ್ಕೆ ನಿಲ್ದಾಣಕ್ಕೆ ತನ್ನಿ ಎಂದಳು.

ಏಜೆಂಟ ತಕರಾರು ತೆಗೆದ. ರಾತ್ರಿಯೆಲ್ಲ ದುಡಿದ ಆಳುಗಳು ಮಲಗಿದ್ದಾರೆ. ಕಳಿಸಿದ ಮಾಲನ್ನು ಹಿಂದಕ್ಕೆ ತಂದವರೇ ಇಲ್ಲ. ಎರಡು ಸಲ ಬಿಚ್ಚಿ ಕಟ್ಟಿದರೆ ಮರಿಗಳು ಬೆದರುತ್ತವೆ. ದುರ್ಗಾದೇವಿ ಎಲ್ಲವನ್ನೂ ಕೇಳಿಸಿಕೊಂಡು, ಯಜಮಾನನ ಹತ್ತಿರ ನಾನೇ ಮಾತಾಡುತ್ತೇನೆ, ಆದರೆ ನಿಮ್ಮ ಗಾಡಿ ತಿರುಗುವ ಮೊದಲು ಹತ್ತೂ ನಲವತ್ತರ ವಿಮಾನದ ಬುಕ್ಕಿಂಗ್ ನಂಬರು ನನ್ನ ಫೋನಿಗೆ ಬರಬೇಕು ಎಂದಳು.

ಯಜಮಾನ ವಯಸ್ಸಾದವನು, ನಿದ್ದೆಗಣ್ಣಲ್ಲಿ ಫೋನು ಎತ್ತಿದ. ಅವಳು ಹೇಳಿದ್ದನ್ನು ಎರಡು ಸಲ ಕೇಳಿಸಿಕೊಂಡ. ಇಷ್ಟು ವರ್ಷ ಮರಿ ಕಳಿಸಿದ್ದೇನೆ, ಮರಿ ಬೇಗ ಕಳಿಸಿ ಎಂದವರನ್ನು ಕಂಡಿದ್ದೇನೆ, ತಡೆದು ಕಳಿಸಿ ಎಂದವರು ನೀವೊಬ್ಬರೇ ಎಂದು ನಕ್ಕ. ಸಿಲಿಂಡರಿನಲ್ಲಿ ಆಕ್ಸಿಜನ್ ಬೇಕಾದಷ್ಟಿದೆ, ತರಲಿ ಎಂದ.

ಊರಿನಲ್ಲಿ ಬಸವ ಇದನ್ನು ಕೇಳಿ ರೇಗಿದ. ಮೀನು ಮುಂದೆ ಬರುವುದು ಬಿಟ್ಟು ಹಿಂದಕ್ಕೆ ಹೋಗುತ್ತಿದೆ ಎಂದು ಕೊಳದ ದಂಡೆಯಲ್ಲಿ ಕೂತವರಿಗೆಲ್ಲ ಹೇಳಿದ. ಹನುಮಮ್ಮ ಅವನ ಕೈಯಿಂದ ಫೋನು ಇಸಿದುಕೊಂಡಳು.

"ಎಷ್ಟಕ್ಕ ಮುಟ್ಟತೀರವ್ವ?"

"ಏಳಕ್ಕ. ಚೀಲ ಕಟ್ಟಿ ಹನ್ನೆರಡು ತಾಸಿಗೆ ಕೊಳದಾಗ ಇರ್ತಾವ ನೋಡ್ರಿ."

"ಹಂಗಾದ್ರ ಹಂಗ ಮಾಡು. ಅಲ್ಲಿ ನಿಂತಾಕಿ ನೀನು, ನಾವು ಇಲ್ಲಿ ಕುಂತು ಹೇಳೋದೇನದ," ಎಂದು ಹನುಮಮ್ಮ ಫೋನು ಇಟ್ಟಳು.

ಬುಕ್ಕಿಂಗ್ ನಂಬರು ಬಂತು. ಏಳೂ ಹತ್ತಕ್ಕೆ ಯಜಮಾನ ಒಂದು ಫೋಟೊ ಕಳಿಸಿದ. ಉಬ್ಬಿದ ಚೀಲಗಳು ಸಾಲಾಗಿ ನಿಂತಿದ್ದವು, ಒಂದರ ಮೇಲೆ ಬೆಳಕು ಬಿದ್ದು ಒಳಗಿನ ಮರಿಗಳು ಹೊಗೆಯ ಹಾಗೆ ಕಾಣುತ್ತಿದ್ದವು. ಶರೀಫಸಾಬ ಚಹಾ ತಂದುಕೊಟ್ಟ. ದುರ್ಗಾದೇವಿ ಕುಡಿದಳು, ಮಾವನಿಗೂ ಕುಡಿಸಿದಳು. ಅವಳಿಗೆ ತನ್ನ ತೀರ್ಮಾನದ ಬಗ್ಗೆ ಅನುಮಾನವಿರಲಿಲ್ಲ. ಹತ್ತೂ ನಲವತ್ತು ದಾಟಿದ ಮೇಲೆ ಮಾತ್ರ ಅವಳು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಈ ವಿಮಾನದಲ್ಲಿಯೂ ಜಾಗವಿಲ್ಲದೆ ಹೋಗಿದ್ದರೆ? ಫೋನಿನಲ್ಲಿ ವಿಮಾನದ ಗುರುತು ನಕ್ಷೆಯ ಮೇಲೆ ಇಂಚಿಂಚೇ ತೆವಳುತ್ತಿತ್ತು. ಅದರ ಹೊಟ್ಟೆಯಲ್ಲಿ ತನ್ನ ಡಬ್ಬಿಗಳಿವೆಯೋ ಇಲ್ಲವೋ ನಕ್ಷೆ ಹೇಳುತ್ತಿರಲಿಲ್ಲ. ಪರಮಣ್ಣ ತಲೆಯೆತ್ತಿ, ಇಳಿಯುವ ಒಂದೊಂದು ವಿಮಾನವನ್ನೂ ಇದೇನಾ ಇದೇನಾ ಎಂದು ಕೇಳುತ್ತಿದ್ದ. ಹನ್ನೆರಡೂ ಇಪ್ಪತ್ತೈದಕ್ಕೆ ಬಿಳಿ ಹೊಟ್ಟೆಯ ವಿಮಾನವೊಂದು ತಲೆಯ ಮೇಲೆ ಹಾದಾಗ ಹೌದು, ಇದೇ ಎಂದಳು.

ಒಂದೂ ಮುಕ್ಕಾಲಿಗೆ ಡಬ್ಬಿಗಳು ಹೊರಗೆ ಬಂದವು. ಹದಿನಾರಕ್ಕೆ ಹದಿನಾರು. ದುರ್ಗಾದೇವಿ ಒಂದೊಂದರ ಮುಚ್ಚಳ ಸರಿಸಿ ಚೀಲವನ್ನು ಒತ್ತಿ ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು. ಶರೀಫಸಾಬ ಗಾಡಿಯ ಹಿಂದೆ ಒದ್ದೆ ಗೋಣಿತಟ್ಟು ಹಾಸಿ, ಮೇಲೆ ತಾಡಪತ್ರಿ ಕಟ್ಟಿದ್ದ. ತಾಸಿಗೊಮ್ಮೆ ನಿಲ್ಲಿಸಿ ಡಬ್ಬಿ ನೋಡಬೇಕು ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಹಾಗೆ ನಿಲ್ಲಿಸುತ್ತ ಹೋದರೆ ತಡವಾಗುತ್ತದೆ ಎಂದು ಶರೀಫಸಾಬ ಗೊಣಗಿದ, ಆದರೂ ನಿಲ್ಲಿಸಿದ.

ಮೂರನೆಯ ಸಲ ನಿಂತದ್ದು ಗುರುಮಠಕಲ್ ಇನ್ನು ಮೂರು ನಾಲ್ಕು ಕಿಲೋಮೀಟರು ಇರುವಾಗ. ಕೆಟ್ಟ ರಸ್ತೆಯಲ್ಲಿ ಗಾಡಿ ಎತ್ತಿ ಎತ್ತಿ ಹಾಕಿತ್ತು. ಕೆಳಗಿನ ಸಾಲಿನ ಎರಡು ಡಬ್ಬಿ ಒದ್ದೆಯಾಗಿದ್ದವು. ಮುಚ್ಚಳ ತೆಗೆದರೆ ಎರಡು ಚೀಲವೂ ಸೊರಗಿ ಬಿದ್ದಿದ್ದವು. ಗಾಳಿ ಪೂರಾ ಹೋಗಿತ್ತು, ನೀರು ಅರ್ಧಕ್ಕಿಳಿದಿತ್ತು. ಐವತ್ತು ಸಾವಿರ ಮರಿ.

ದುರ್ಗಾದೇವಿಯ ವಹಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಅವಳು ಒಂದು ಗಳಿಗೆ ಚೀಲದ ಬಾಯಿ ಹಿಡಿದು ಹಾಗೆಯೇ ನಿಂತಳು.

ಪರಮಣ್ಣ ಆಗಲೇ ಅಂಗಿಯ ತೋಳು ಮಡಚುತ್ತಿದ್ದ. "ಶರೀಫ, ಊರಾಗ ಹೋಗಿ ಅಗಲ ಬಾಯಿದು ಎರಡು ಟಬ್ ತಾ. ನಲ್ಲಿ ನೀರು ಬ್ಯಾಡ, ಔಷಧಿ ಹಾಕಿರ್ತಾರ. ನಾವು ಆ ಬಾವಿ ಹತ್ರ ಇರ್ತೀವಿ," ಎಂದು ರಸ್ತೆ ಬದಿಯ ಹೊಲದ ಬಾವಿ ತೋರಿಸಿದ.

ಅವಳು ಎರಡು ಚೀಲಗಳನ್ನು ಎದೆಗವಚಿಕೊಂಡು ಬಾವಿಯ ಬೇವಿನ ನೆರಳಿಗೆ ಬಂದಳು. ಹೊಲದವರು ಕೊಡ ಕೊಟ್ಟರು. ಪರಮಣ್ಣ ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡು, ಉಗುಳಿ, ನಡೆಯುತ್ತದೆ ಎಂದ. ಟಬ್ಬು ಬಂದ ಮೇಲೆ ಚೀಲದ ನೀರಿಗೆ ಬಾವಿ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಮರಿಗಳನ್ನು ಬಿಟ್ಟರು. ಪರಮಣ್ಣ ಗಾಡಿಯ ಹಿಂದೆ ಎರಡು ಟಬ್ಬುಗಳ ನಡುವೆ ಕೂತು, ಅಂಗೈಯಿಂದ ನೀರನ್ನು ಮೆಲ್ಲಗೆ ತಟ್ಟತೊಡಗಿದ. ಗಾಡಿ ಹೊರಟಿತು. ದುರ್ಗಾದೇವಿಯೂ ಅವನ ಎದುರಿಗೆ ಕೂತಳು.

ಆಗ ಅವನು ಹೇಳಿದ. ಇಪ್ಪತ್ತೆರಡು ವರ್ಷದವನಿದ್ದಾಗ ಹೊಸಪೇಟೆಯಿಂದ ಮರಿ ತರಲು ಸಂಘದವರು ಅವನನ್ನು ಕಳಿಸುತ್ತಿದ್ದರು. ಅಲ್ಯುಮಿನಿಯಮ್ಮಿನ ಹಂಡೆಯಲ್ಲಿ ಮರಿ, ರೈಲಿನಲ್ಲಿ ಪ್ರಯಾಣ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ಯಾದಗಿರಿ ಮುಟ್ಟುವವರೆಗೆ ಕೈ ನಿಲ್ಲಿಸುವಂತಿರಲಿಲ್ಲ. ನಿದ್ದೆ ಹತ್ತಿದರೆ ಮೀನು ಸತ್ತ ಹಾಗೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ದುರ್ಗಾದೇವಿ ಈ ಮಾತನ್ನು ಅವನ ಬಾಯಿಂದ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ ಎಂದ.

ಒಂದು ಟಬ್ಬನ್ನು ಅವಳು ತೆಗೆದುಕೊಂಡಳು. ಅವಸರದಲ್ಲಿ ಜೋರಾಗಿ ತಟ್ಟಿದಳು. ಮರಿಗಳು ತಳಕ್ಕೆ ಸರಿದವು.

"ನೀರು ಹೊಡೀಬ್ಯಾಡವ್ವ, ಎಬ್ಬಿಸು," ಎಂದು ಮಾವ ಅವಳ ಮುಂಗೈ ಹಿಡಿದು ತೋರಿಸಿದ. ಅಂಗೈ ನೀರಿನ ಮೇಲೆ ಬಿದ್ದು, ಒಳಗೆ ಗಾಳಿ ಒಯ್ದು, ಮೇಲೆ ಬರಬೇಕು. ಸ್ವಲ್ಪ ಹೊತ್ತಿನಲ್ಲಿ ಅವಳ ಕೈ ಹದಕ್ಕೆ ಬಂತು. ಯಾದಗಿರಿ ಊರೊಳಗಿನ ವಾಹನಗಳ ನಡುವೆ, ಭೀಮಾ ನದಿಯ ಸೇತುವೆಯ ಮೇಲೆ, ಇಬ್ಬರೂ ನೀರು ಎಬ್ಬಿಸುತ್ತಲೇ ಇದ್ದರು. ಅವಳ ಭುಜ ಉರಿಯುತ್ತಿತ್ತು. ನಿಲ್ಲಿಸೋಣ ಎಂದು ಅವಳಿಗೂ ಅನಿಸಲಿಲ್ಲ, ಅವನೂ ಅನ್ನಲಿಲ್ಲ.

ದೋರನಹಳ್ಳಿ ಮುಟ್ಟಿದಾಗ ಏಳೂ ಹತ್ತು. ಹೊತ್ತು ಮುಳುಗಿ ಬಾನಿನಲ್ಲಿ ಕೆಂಪು ಉಳಿದಿತ್ತು. ಕೊಳದ ದಂಡೆಯಲ್ಲಿ ಸಂಘದವರೆಲ್ಲ ನಿಂತಿದ್ದರು. ಬಸವ ಓಡಿ ಬಂದು ಮೊದಲ ಡಬ್ಬಿ ಇಳಿಸಿ, ಚೀಲ ಬಿಚ್ಚಿ ನೀರಿಗೆ ಸುರಿಯಲು ಹೋದ. ದುರ್ಗಾದೇವಿ ತಡೆದಳು. ಚೀಲಗಳನ್ನು ಕಟ್ಟಿದ ಹಾಗೆಯೇ ಕೊಳದಲ್ಲಿ ತೇಲಿಬಿಡಿಸಿದಳು. ಒಳಗಿನ ನೀರು, ಹೊರಗಿನ ನೀರು ಒಂದೇ ತಂಪಿಗೆ ಬರಲಿ ಎಂದು ಇಪ್ಪತ್ತು ನಿಮಿಷ ಎಲ್ಲರನ್ನೂ ಕಾಯಿಸಿದಳು. ಬೆಳಗಿನಿಂದ ಕಾದವರಿಗೆ ಆ ಇಪ್ಪತ್ತು ನಿಮಿಷವೇ ಎಲ್ಲಕ್ಕಿಂತ ಉದ್ದವಾಯಿತು. ಆಮೇಲೆ ಬಾಯಿ ಬಿಚ್ಚಿ ಓರೆಯಾಗಿ ಹಿಡಿದಳು. ಮರಿಗಳು ತಾವಾಗಿಯೇ ಚದುರಿ ಹೊರಗೆ ಹೋದವು. ಹನುಮಮ್ಮ ನೀರಿಗೆ ಬಾಗಿ ನೋಡಿ, ಕಣ್ಣು ಕಾಣ್ತಾವ ಎಂದಳು. ಎಳ್ಳಿನಷ್ಟು ಮೈಯಲ್ಲಿ ಎರಡು ಕರಿ ಚುಕ್ಕಿ.

ಹದಿನಾಲ್ಕು ಚೀಲದಲ್ಲಿ ಸತ್ತವು ಬೆರಳಲ್ಲಿ ಎಣಿಸುವಷ್ಟು. ಟಬ್ಬಿನವುಗಳಲ್ಲಿ ಮೂರರಲ್ಲೊಂದು ಪಾಲು ಹೋಗಿತ್ತು. ಪರಮಣ್ಣ ತಳದಲ್ಲಿ ಬಿಳುಚಿ ಬಿದ್ದಿದ್ದವನ್ನು ನೋಡುತ್ತ ನಿಂತ. ಉಳಿದವು ನಿಮ್ಮ ಕೈಯಿಂದ ಉಳಿದವು ಎಂದು ಶರೀಫಸಾಬ ಅವನಿಗೆ ಹೇಳಿದ. ಮನೆಗೆ ಹೋದ ಮೇಲೆ ಪರಮಣ್ಣನ ಬಲಗೈ ಊದಿಕೊಂಡಿತ್ತು. ದುರ್ಗಾದೇವಿ ಬಿಸಿನೀರಿಗೆ ಉಪ್ಪು ಹಾಕಿ ಅವನ ಕೈಯನ್ನು ಅದರಲ್ಲಿಡಿಸಿ, ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟಳು.

ಐದು ವಾರದ ಮೇಲೆ ಕೊಳಕ್ಕೆ ಬಲೆ ಎಳೆದಾಗ ಮರಿಗಳು ಅರ್ಧ ಬೆರಳಿನಷ್ಟು ಉದ್ದವಾಗಿದ್ದವು. ಮೈ ಗುಂಡಗೆ, ಬೆನ್ನು ಹೊಳೆಯುತ್ತಿತ್ತು. ಕೊಳದಲ್ಲಿ ಬಿಟ್ಟ ಮರಿಯಲ್ಲಿ ಹಿಂದೆ ಐದರಲ್ಲೊಂದು ಉಳಿದರೆ ಸಾಕು ಎನ್ನುತ್ತಿದ್ದರು. ಈ ಸಲ ಹತ್ತಿರ ಹತ್ತಿರ ಅರ್ಧದಷ್ಟು ಕೆರೆಗೆ ಇಳಿದವು. ಸುರಪುರದ ಕಡೆಯ ಎರಡು ಸಂಘದವರು ಸುದ್ದಿ ಕೇಳಿ ಬಂದು, ಕೊಳದ ಸುತ್ತ ತಿರುಗಾಡಿ, ನಮಗೂ ತರಿಸಿಕೊಡಿ ಎಂದರು.

ಆ ವಾರದ ಸಭೆಯಲ್ಲಿ ಮೊದಲು ಎದ್ದು ನಿಂತವನು ಬಸವ. ಆವತ್ತು ನಾನು ಹೇಳಿದ ಹಾಗೆ ಬೆಂಗಳೂರಿನ ಮೇಲೆ ತರಿಸಿದ್ದರೆ ಇವತ್ತು ಬರೀ ಡಬ್ಬಿ ಇರುತ್ತಿದ್ದವು ಎಂದು ತಾನೇ ಹೇಳಿದ. ಮುಂದಿನ ವರ್ಷವೂ ದುರ್ಗಕ್ಕನೇ ನೋಡಿಕೊಳ್ಳಲಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ದುರ್ಗಾದೇವಿ ಅದನ್ನು ಒಪ್ಪಲಿಲ್ಲ. ಒಬ್ಬಳೇ ಬಲ್ಲ ಕೆಲಸ ಸಂಘದ ಕೆಲಸವಾಗುವುದಿಲ್ಲ ಎಂದಳು. ಮೂರು ಸಂಘಕ್ಕೆ ಸೇರಿ ಮರಿ ತರುವುದಾದರೆ ಚೀಲ ಕಟ್ಟುವುದನ್ನು ಅಲ್ಲಿಗೇ ಹೋಗಿ ನೋಡಬೇಕು, ಸೋರದ ಹಾಗೆ ಎರಡು ಪದರ ಹಾಕಿಸಬೇಕು, ಏರಿಸುವವರೆಗೆ ಅಲ್ಲಿ ನಮ್ಮವರು ನಿಂತಿರಬೇಕು. ತಾನು ಹೋಗುತ್ತೇನೆ, ಜೊತೆಗೆ ಅಧ್ಯಕ್ಷರು ಬರಲಿ ಎಂದಳು. ವಿಮಾನದಲ್ಲಿಯೇ.

ಹನುಮಮ್ಮ ಯಾದಗಿರಿಯಿಂದ ರೈಲು ಹತ್ತಿದ್ದೇ ಜೀವನದಲ್ಲಿ ನಾಲ್ಕು ಸಲ. ಆಕೆ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದವಳು ಕೈ ತಡೆದಳು.

"ನನಗೇನ್ ತಿಳೀತದವ್ವ ಅಲ್ಲಿ, ಭಾಷಾನೂ ಬರಂಗಿಲ್ಲ."

"ಮರಿ ಜೀವ ಅದನೋ ಇಲ್ಲೋ ನಿಮಗಿಂತ ಚೊಲೊ ಯಾರಿಗೆ ತಿಳೀತದ್ರಿ? ಭಾಷಾ ನಾ ನೋಡ್ಕೋತೀನಿ."

ಹನುಮಮ್ಮ ಸುತ್ತ ಕೂತವರನ್ನು ಒಮ್ಮೆ ನೋಡಿದಳು. ಆಮೇಲೆ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡು, ಸೀರೆಯ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯಾಗಿದ್ದ ಆಧಾರ್ ಕಾರ್ಡು ತೆಗೆದು ಕೊಟ್ಟಳು. ದುರ್ಗಾದೇವಿ ಅದರಲ್ಲಿದ್ದ ಹೆಸರನ್ನು ಒಂದೊಂದು ಅಕ್ಷರ ನೋಡಿ ವಹಿಯಲ್ಲಿ ಬರೆದುಕೊಂಡಳು.